ಬ್ರೇಕಿನ ಮೇಲಿನ ಕಾಲು

ಟಿಕ್ ಅಂದಿತೇ, ಅಂದಿತು, ಇಲ್ಲ, ಶೆಡ್ಡಿನ ಶಟರ್ ಮೇಲೆ ಬಿದ್ದ ಹನಿ ಇರಬೇಕು, ಹನಿಯಾದರೆ ಟಪ್ ಅನ್ನುತ್ತದೆ, ಇದು ಒಣ ಸದ್ದು, ಸೀಳುವ ಮುಂಚೆ ಪಿಂಗಾಣಿ ಹೀಗೇ ಒಂದು ಸಲ ಟಿಕ್ ಅನ್ನುತ್ತದಂತೆ, ನಮ್ಮ ಬಳಗದ ಇದ್ದಿಲಣ್ಣ ಹೇಳಿದ್ದು, ಒಂದೇ ಸಲ ಅನ್ನೋದಪ್ಪಾ, ಆಮೇಲೆ ಸುಮ್ನಿರುತ್ತೆ, ನೀನು ಏನೂ ಆಗಿಲ್ಲ ಅಂದ್ಕೊಂಡು ಮುಚ್ಚಳ ಎತ್ತೀಯ, ಅರ್ಧ ಕೈಯಲ್ಲಿರುತ್ತೆ, ಅರ್ಧ ಕಾಲ ಮೇಲಿರುತ್ತೆ — ಬಂದವರೆಲ್ಲ ಊಟ ಮುಗಿಸಿ ಹೋದ ಮೇಲೆ ಸೋಫಾದಲ್ಲಿ ಅಡ್ಡಾಗಿ, ಗೋಡೆಯಾಚೆಯ ಶೆಡ್ಡಿಗೆ ಕಿವಿ ನೆಟ್ಟು, ಒಂದು ಹಂಡೆಗಾಗಿ ಎದೆ ಢವಢವ ಅನ್ನಿಸಿಕೊಳ್ಳುತ್ತಿರುವ ಗಂಡಸು ನಾನು, ವಾರವಿಡೀ ಕಂಡವರ ಲಿಫ್ಟು ರಿಪೇರಿ ಮಾಡುವವನು, ಕತ್ತಲ ಬಾವಿಯೊಳಗೆ ತಂತಿಗೆ ಜೋತುಬಿದ್ದಾಗ ಹೆದರದವನು ಇದಕ್ಕೆ ಹೆದರುತ್ತೇನೆ. ಹಂಡೆ ಅನ್ನುವುದು ಮಾವನ ಮಾತು, ಇಂಥದೇ ಒಲೆಯ ಹುಚ್ಚಿರುವ ನಮ್ಮ ಬಳಗದವರ ಎದುರಿಗೆ ಹಾಗಂದರೆ ಮುಖ ಊದಿಸಿಕೊಳ್ಳುತ್ತಾರೆ, ಹಿತ್ತಲಲ್ಲಿ ಮಾಂಸ ಸುಡುವ, ಹೊಗೆಯಲ್ಲಿ ಹದವಾಗಿ ಬೇಯಿಸುವ ಪಿಂಗಾಣಿ ಒಲೆ ಅದು, ಸೊಂಟದೆತ್ತರದ ನೀಲಿ ಮೊಟ್ಟೆ, ಕೆಳಗೊಂದು ಗಾಳಿಕಿಂಡಿ, ನೆತ್ತಿಯ ಮೇಲೆ ಹೂವಿನೆಸಳಿನ ತೂತುಗಳಿರುವ ಬಿಲ್ಲೆ, ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಒಳಗಿನ ಬಿಸಿ ಹೇಳಿದ ಮಾತು ಕೇಳುತ್ತದೆ, ಮಾವ ಮಾತ್ರ ಮೊದಲ ದಿನವೇ, ಇದೇನು ಅಳಿಯಂದ್ರೇ, ಬಚ್ಚಲ ಹಂಡೆ ಹಿತ್ತಲಿಗೆ ನಡ್ಕೊಂಡು ಬಂದಿದೆ ಅಂದರು, ಅಂದು, ಅದರ ಹೊಟ್ಟೆಯನ್ನೂ ತಮ್ಮ ಹೊಟ್ಟೆಯನ್ನೂ ಸವರಿಕೊಂಡು, ಅಣ್ಣತಮ್ಮಂದಿರು ನಾವು ಅಂದರು. ಈಗ ಗೊರಕೆ ಹೊಡೆಯುತ್ತಿದ್ದಾರೆ. ಅರೆ ತೆರೆದ ಬಾಗಿಲಲ್ಲಿ ಅವರ ಮಂಚದ ತುದಿ ಕಾಣುತ್ತದೆ, ಮಂಚದಾಚೆ ಚಾಚಿದ ಬಲಗಾಲು, ಹರಿದ ಕಾಲುಚೀಲ, ಅದರಿಂದ ಇಣುಕುವ ಹೆಬ್ಬೆರಳು, ಹೊಸ ಜೊತೆ ತಂದುಕೊಟ್ಟರೂ ಇದನ್ನೇ ಹಾಕುತ್ತಾರೆ, ಬೆರಳಿಗೂ ಗಾಳಿ ಬೇಡ್ವಾ ಅನ್ನುತ್ತಾರೆ, ಗೊರಕೆ ಏರುತ್ತದೆ, ಏರಿ ನಿಲ್ಲುತ್ತದೆ, ಕಾಲು ಮುಂದಕ್ಕೆ ಒತ್ತುತ್ತದೆ, ಜೀವಮಾನವಿಡೀ ಬಸ್ಸು ಓಡಿಸಿದ ಕಾಲು ನಿದ್ದೆಯಲ್ಲಿ ಬ್ರೇಕ್ ಹಾಕುತ್ತದೆ, ಯಾರನ್ನು ಉಳಿಸುತ್ತಾರೋ, ಗಾಡಿ ನಿಂತಿದ್ರೂ ಕಾಲು ಬ್ರೇಕ್ ಮೇಲೇ ಇರ್ಬೇಕು ಅಳಿಯಂದ್ರೇ ಅನ್ನುತ್ತಾರೆ ಎಚ್ಚರವಿದ್ದಾಗ, ಆಮೇಲೆ ಗೊರಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ತಲೆ ಸಿಡಿಯುತ್ತಿದೆ, ಕಣತಲೆಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ, ಬೆಳಿಗ್ಗೆಯಿಂದ ಹೊಗೆ ಕುಡಿದದ್ದು ಸಾಲದೆ ಹೊಟ್ಟೆಬಾಕನ ಹಾಗೆ ತಿಂದೆನಲ್ಲ, ಬಳಗದ ದಂತವೈದ್ಯರೇ ಮೂರನೆಯ ಸಲ ತಟ್ಟೆ ಚಾಚಿದರು, ಬೇರೆಯವರ ಹಲ್ಲಿಗೆ ಬುದ್ಧಿ ಹೇಳುವವರು ಮೂಳೆ ಕಚ್ಚುತ್ತ ಕೂತಿದ್ದರು, ಪಾಪ, ಅವರ ಒಲೆ ಹೋದ ತಿಂಗಳು ಸೀಳಿತು, ಉರಿ ಆರುವ ಮುಂಚೆ ತುಂತುರು ಬಿದ್ದದ್ದೇ ನೆಪ, ಬುಡದಿಂದ ನೆತ್ತಿಯವರೆಗೆ ಸೀಳು, ಫೋಟೋ ತೋರಿಸಿದಾಗ ಬಳಗದವರು ಸಾವಿನ ಮನೆಗೆ ಬಂದವರ ಹಾಗೆ ಕೂತರು, ಇದ್ದಿಲಣ್ಣ ಟೋಪಿ ತೆಗೆದ, ಅವನು ಇದ್ದಿಲನ್ನು ಕಿವಿಗೆ ಹಿಡಿದು ತಟ್ಟಿ ಒಳ್ಳೆಯದು ಕೆಟ್ಟದ್ದು ಹೇಳುವವನು, ಮಳೆ ಅಂದ್ರೆ ಯಮ ಅಂತ ತಿಳ್ಕೊಳ್ಳಿ ಅಂದ. ಅದಕ್ಕೇ ಅವರು ಹೊರಟು ಮೋಡ ಕವಿದು ಮೊದಲ ಹನಿ ಮೂಗಿನ ಮೇಲೆ ಬಿದ್ದದ್ದೇ ತಡ, ಬಿದ್ದೆನೋ ಎದ್ದೆನೋ ಅಂತ ಓಡಿ, ಗಾಲಿಯ ಸ್ಟ್ಯಾಂಡ್ ಸಮೇತ ಶೆಡ್ಡಿಗೆ ನೂಕಿ ಶಟರ್ ಎಳೆದುಬಿಟ್ಟೆ, ಮೈಮೇಲಿನ ಹನಿ ಒರೆಸಬೇಕಿತ್ತು, ಕೈಗೆ ಸಿಕ್ಕಿದ್ದು ಮಾವನ ಕೋಣೆಯಿಂದ ಶೆಡ್ಡಿಗಿರುವ ಬಾಗಿಲ ಕೆಳಗೆ ತುರುಕಿದ್ದ ಹಳೆಯ ಟವೆಲ್ಲು, ಕಾರಿನ ಹೊಗೆ ಒಳಗೆ ಬರದಿರಲಿ ಅಂತ ಹೆಂಡತಿ ತುರುಕಿದ್ದು, ಅದನ್ನೇ ಎಳೆದು ಒರೆಸಿದೆ, ಮಗು ಮೈ ಒರೆಸಿದ ಹಾಗೆ. ಉರಿ ಆರಿಸಲಿಲ್ಲ. ಆರಿಸುವುದು ಹೇಗೆ, ಹೆಂಡತಿಗೆಂದು ಇನ್ನೊಂದು ತುಂಡು ಒಳಗಿದೆ, ಅವಳು ಪಾಳಿ ಮುಗಿಸಿ ಬರುವ ಹೊತ್ತಿಗೆ ಎಲುಬು ತಾನಾಗಿ ಕಳಚಬೇಕು, ಕೆಳಗಿನ ಕಿಂಡಿ ಮುಚ್ಚಿದೆ, ಮೇಲಿನ ಬಿಲ್ಲೆ ಎಸಳಷ್ಟು ಬಿಟ್ಟೆ, ಇದ್ದಿಲು ಸಾಯಲೂಬಾರದು ಬದುಕಲೂಬಾರದು, ಅದೇ ಹದ, ಹೊಗೆಯ ಎಳೆಯೂ ಕಾಣಲಿಲ್ಲ, ವಾಸನೆಯೂ ಇಲ್ಲ, ಭೇಷ್ ಅಂದುಕೊಂಡೆ. ಹೊರಡುವಾಗ ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, ಅಪ್ಪನ್ನ ನೋಡ್ಕೊಳ್ಳಿ, ಮಾತ್ರೆ ನುಂಗಿ ಮಲ್ಕೊಂಡ್ರೆ ಅವ್ರಿಗೆ ಲೋಕದ ಪರಿವೆ ಇರಲ್ಲ ಅಂದಳು, ನಾನು ಒಲೆಯ ಉಷ್ಣದ ಮುಳ್ಳು ನೋಡುತ್ತ ಹೂಂ ಅಂದೆ, ಏನಕ್ಕೆ ಹೂಂ ಅಂದ್ರಿ ಹೇಳಿ ನೋಡೋಣ ಅಂದಳು, ನಕ್ಕೆವು. ವಾಕರಿಕೆ ಬರುತ್ತಿದೆ. ಎದ್ದು ನೀರು ಕುಡಿಯಬೇಕು, ಏಳುತ್ತೇನೆ, ಇನ್ನೊಂದು ಗೊರಕೆ ಆಗಲಿ, ಆಮೇಲೆ ಏಳುತ್ತೇನೆ.

ಗೊರಕೆ ಎಲ್ಲಿ. ಏರಿ ನಿಂತಿತ್ತು, ನಿಂತಲ್ಲೇ ಇದೆ, ಈಗ ಬ್ರೇಕ್ ಹಾಕುತ್ತಾರೆ, ಹಾಕಲಿ, ಕಾಲು ಅಲ್ಲೇ ಇದೆ, ಹೆಬ್ಬೆರಳು ಅಲ್ಲೇ ಇದೆ, ಒತ್ತುವುದಿಲ್ಲ, ಗಾಡಿ ಎಲ್ಲೋ ದೂರ ಹೋಗಿರಬೇಕು, ನೇರ ರಸ್ತೆ, ಬ್ರೇಕೇ ಬೇಡದ ರಸ್ತೆ, ನನಗೂ ನಿದ್ದೆ, ಎಷ್ಟು ಹಿತವಾದ ನಿದ್ದೆ, ಟಿಕ್ ಅನ್ನಲಿಲ್ಲ ಸದ್ಯ, ಒಲೆ ಕ್ಷೇಮ, ನೀಲಿ ಹೊಟ್ಟೆ, ನುಣ್ಣಗಿನ ನೀಲಿ, ಅದರ ಮೇಲೊಂದು ಹಳದಿ ಚೀಟಿ ಅಂಟಿಸಿ ಕಳಿಸಿದ್ದರು, ಅಂದ ಕೆಡಿಸಿತ್ತು, ಹೆಂಡತಿಯ ಉಗುರುಬಣ್ಣ ಅಳಿಸುವ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ತೆಗೆದೆ, ಏನಿತ್ತು ಅದರಲ್ಲಿ, ಒಂದು ಮನೆಯ ಚಿತ್ರ, ಮನೆಯೊಳಗೆ ಒಲೆ, ಒಲೆಯ ಪಕ್ಕ ಮಲಗಿದ ಮನುಷ್ಯ, ಅಡ್ಡಕ್ಕೊಂದು ಕೆಂಪು ಗೀಟು — ಮಲಗಿದ ಮನುಷ್ಯ. ಮಾವ. ಅಯ್ಯೋ, ಇದ್ದಿಲು, ಉಸಿರು ಸಿಗದ ಇದ್ದಿಲು, ಹೊಗೆ ಇಲ್ಲ ವಾಸನೆ ಇಲ್ಲ ಅಂತ ಭೇಷ್ ಅಂದುಕೊಂಡೆನಲ್ಲ, ವಿಷಗಾಳಿಗೆ ಎಲ್ಲಿಯ ವಾಸನೆ, ಶಟರ್ ಹಾಕಿದ್ದೇನೆ, ಟವೆಲ್ಲು ಎಳೆದಿದ್ದೇನೆ, ಬಾಗಿಲ ಕೆಳಗಿನ ಸಂದು, ಸಂದಿನ ಎದುರಿಗೇ ಮಂಚ, ನಾನು ಸೀಳಿಗೆ ಹೆದರುತ್ತ ಮಲಗಿದ್ದೆ, ಕಿವಿ ಕೊಟ್ಟು ಮಲಗಿದ್ದೆ, ಸದ್ದೇ ಮಾಡದ್ದು ಇಡೀ ಮಧ್ಯಾಹ್ನ ಅವರ ಮೂಗಿನೊಳಗೆ ಹೋಗುತ್ತಿತ್ತು. ಮಾವಾ ಅಂದೆ. ಅಂದೆನೇ, ಗಂಟಲಿಂದ ಗಾಳಿ ಬಂತು, ಮಾತು ಬರಲಿಲ್ಲ.

ಕಾಲು ಎಲ್ಲಿದೆ ನನ್ನದು, ಇದೆ, ನೆಲಕ್ಕಿಟ್ಟರೆ ನೆಲ ಜಾರುತ್ತದೆ, ಬಿದ್ದೆ, ಬಿದ್ದದ್ದೇ ಒಳ್ಳೆಯದು, ತೆವಳು, ಲಿಫ್ಟಿನ ಬಾವಿಯಲ್ಲಿ ತೆವಳುವುದಿಲ್ಲವೇ, ಹೊಸ್ತಿಲು, ಮಂಚದ ಕಾಲು, ಅವರ ಮುಖ ಕೆಂಪಗೆ ಎಷ್ಟು ಆರೋಗ್ಯವಾಗಿ ಕಾಣುತ್ತದೆ, ಅದೇ ಭಯ, ಕೆನ್ನೆ ತಟ್ಟಿದೆ, ಮಾವ ಏಳಿ, ಸ್ಟಾಪ್ ಬಂತು ಏಳಿ, ಅಲುಗಾಡಲಿಲ್ಲ. ಕಿಟಕಿಯ ಚಿಲಕ ಮೇಲಿದೆ, ಕೈ ಎಟುಕದು, ಶೆಡ್ಡಿನ ಬಾಗಿಲು ಇಲ್ಲೇ ಇದೆ, ಆಚೆ ವಿಷದ ಕೊಪ್ಪರಿಗೆ, ಅದರಾಚೆ ಶಟರ್, ಶಟರಿನಾಚೆ ಲೋಕದ ಗಾಳಿಯೆಲ್ಲ, ಉಸಿರು ಬಿಗಿಹಿಡಿ, ಹೋಗು, ಕತ್ತಲಲ್ಲಿ ಎಸಳಿನ ತೂತಿನಿಂದ ಕೆಂಪು ಕಣ್ಣು ಬಿಟ್ಟು ಕೂತಿದೆ, ಶಟರಿನ ಹಿಡಿ ಸಿಕ್ಕಿತು, ಎತ್ತು, ಇನ್ನೂ ಎತ್ತು, ಬೆಳಕು, ಗಾಳಿ, ಮಳೆ, ಒಲೆ ದಾರಿಗೆ ಅಡ್ಡ ನಿಂತಿದೆ, ಒದೆ, ಮಳೆ ಜೋರಾಗಿದೆಯಲ್ಲ ಸೀಳುತ್ತದಲ್ಲ ಅಂತ ಕಾಲು ಒಂದು ಚಣ ಹಿಂದೆಗೆಯಿತು, ಥೂ, ಈಗಲೂ, ಒದ್ದೆ, ಗಾಲಿ ಉರುಳಿ ಹಿತ್ತಲಿಗೆ ಹೋಯಿತು. ವಾಪಸು ಬಂದು ಕಂಕುಳಿಗೆ ಕೈ ಹಾಕಿ ಎಳೆದೆ, ಎಷ್ಟು ಭಾರ, ಹಿಮ್ಮಡಿ ನೆಲಕ್ಕೆ ಬಡಿಯಿತು, ನೋವಾಯ್ತಾ ಮಾವ, ಬೈಯಿರಿ ನನ್ನನ್ನ, ಇನ್ನೊಂದು ಸಲ ಎಳೆದೆ, ಬೆನ್ನ ಹಿಂದೆ ಏನೋ ಫಟಾರ್ ಅಂದಿತು, ಏನದು, ಯಾರ ಮನೆಯ ಪಾತ್ರೆ ಬಿತ್ತು, ಗೊತ್ತಾಗಲು ಹೊತ್ತು ಬೇಕಾಯಿತು, ತಿರುಗಿ ನೋಡಲಿಲ್ಲ. ಹಿತ್ತಲಿನ ಒದ್ದೆ ಸಿಮೆಂಟಿನ ಮೇಲೆ ಅವರ ತಲೆ ನನ್ನ ತೊಡೆಯ ಮೇಲಿದೆ, ಪಕ್ಕದ ಮನೆಯವರೇ ಅಂತ ಕೂಗಿದೆ, ಈ ಸಲ ಮಾತು ಬಂತು, ಗೋಡೆಯಾಚೆ ಯಾರೋ, ಏನ್ರೀ ಆಯ್ತು, ತಡೀರಿ ಬಂದೆ, ಆಂಬುಲೆನ್ಸಿಗೆ ಫೋನ್ ಮಾಡ್ರೋ ಅನ್ನುತ್ತಿದ್ದಾರೆ, ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿ ಬೀಸುತ್ತಿದೆ, ಅದು ಅವರದೋ ಮಳೆಯದೋ, ಎದೆಗೆ ಕಿವಿಯಿಟ್ಟರೆ ಮಳೆಯದೇ ಸದ್ದು, ಏನೂ ತಿಳಿಯುವುದಿಲ್ಲ, ಅವಳು ಬಂದು ಕೇಳುತ್ತಾಳೆ, ಏನಕ್ಕೆ ಹೂಂ ಅಂದ್ರಿ, ಒಂದೇ ಒಂದು ಗೊರಕೆ ಹೊಡೀರಿ ಮಾವ, ಗಾಡಿ ನಿಂತಿದ್ರೂ ಕಾಲು ಬ್ರೇಕ್ ಮೇಲೇ ಇರ್ಬೇಕು ಅಂದೋರು ನೀವೇ, ಹಾಕಿ, ಬ್ರೇಕ್ ಹಾಕಿ, ಬಲಗಾಲು ಶಟರಿನ ಹೊಸ್ತಿಲ ಮೇಲಿದೆ, ಹರಿದ ಕಾಲುಚೀಲ, ಅದರಿಂದ ಇಣುಕುವ ಹೆಬ್ಬೆರಳು, ಉಗುರಿನ ಮೇಲೆ ಒಂದು ಹನಿ, ಹನಿ ಅಲುಗಿತು, ಗಾಳಿಗೋ ಬೆರಳಿಗೋ, ನಿಂತಿತು, ಹೆಬ್ಬೆರಳು, ಮಾವ, ಹೆಬ್ಬೆರಳು