ಚುಕ್ಕೆಯ ನಂತರದ ಹೆಸರು

ಪಿಯುಸಿ ಮುಗಿಸಿ ಒಂಬತ್ತು ವರ್ಷದ ಮೇಲೆ ದಾನೇಶ್ವರಿ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದಳು. ಸೇರಿಸಿದವನು ಗಂಡ ಸಿದ್ದಲಿಂಗೇಶ. ಮಸ್ಕಿಯಲ್ಲಿ ಅವನದು ಪೈಪಿನ ಅಂಗಡಿ. ಅರ್ಜಿ ತುಂಬಿದ್ದು, ಫೋಟೊ ತೆಗೆಸಿದ್ದು, ಅವಳ ಸಹಿಯನ್ನು ಮೂರು ಸಲ ಸ್ಕ್ಯಾನ್ ಮಾಡಿಸಿದ್ದು ಎಲ್ಲಾ ಅವನೇ.

ಒಂದು ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ತಂದವಳು ಫೋನ್ ಮುಂದೆ ಹಿಡಿದಳು. "ಯೂನಿವರ್ಸಿಟಿಯವ್ರು ನನಗೊಂದು ಇಮೇಲ್ ಕೊಟ್ಟಾರ್ರೀ. ಪಾಠ, ಹಾಲ್ ಟಿಕೆಟ್ ಎಲ್ಲಾ ಇದಕ್ಕ ಬರ್ತಾವಂತ."

ದಾನೇಶ್ವರಿ, ಒಂದು ಚುಕ್ಕೆ, ಕರಿಬಸಯ್ಯ. ಕರಿಬಸಯ್ಯ ಅವಳ ತಂದೆ, ಗೊರೇಬಾಳದಲ್ಲಿ ಭತ್ತ ಬೆಳೆಯುವವರು.

"ನನ್ನ ಹೆಸರು ಎಲ್ಲೈತಿ?" ಎಂದ ಸಿದ್ದಲಿಂಗೇಶ.

"ಅವರಾಗೇ ಕೊಟ್ಟಿದ್ದು. ನಾ ಏನೂ ಕೇಳಿಲ್ಲ."

ಅವಳು ಅದನ್ನು ನೋಟ್‌ಬುಕ್ಕಿನ ಮೇಲೆ ಬರೆದುಕೊಂಡಳು. ಗೆಳತಿಯರಿಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಮಾವನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಸಿದ್ದಲಿಂಗೇಶನಿಗೆ ಹೊಟ್ಟೆ ಉರಿಯುತ್ತಿತ್ತು. ಓಡಾಡಿದವನು ತಾನು, ಹೆಸರು ಬಂದಿದ್ದು ಅವರಿಗೆ.

ಮೂರನೇ ದಿನ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಲಿಂಗಸುಗೂರಿನ ಅಧ್ಯಯನ ಕೇಂದ್ರಕ್ಕೆ ಹೋದ. ಕೌಂಟರಿನಲ್ಲಿದ್ದ ಅರ್ಜುಮಂದ್ ಎಂಬಾಕೆ ಸಮಾಧಾನವಾಗಿ ಹೇಳಿದಳು: "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ್ಯಾಗ ಇದ್ದ ಹೆಸರನ್ನೇ ಕಂಪ್ಯೂಟರ್ ತಗೋತೈತ್ರಿ. ಬದಲಿ ಬೇಕಂದ್ರ ಅಫಿಡವಿಟ್ ಕೊಡ್ರಿ, ಹದಿನೈದು ದಿನದಾಗ ಆಗ್ತೈತಿ. ಆದ್ರ ಅರ್ಜಿ ಮೇಡಂ ಅವ್ರೇ ಬರೀಬೇಕು."

"ವಿಚಾರ ಮಾಡಿ ಹೇಳ್ತೀನ್ರಿ," ಎಂದು ದಾನೇಶ್ವರಿ ಎದ್ದಳು. ಅವನು ಬೈಕನ್ನು ಮಸ್ಕಿಯ ಕಡೆ ತಿರುಗಿಸಿದ.

ಭಾನುವಾರ ಇಬ್ಬರೂ ಗೊರೇಬಾಳಕ್ಕೆ ಹೋದರು. ಮಗಳು ಫೋನ್ ತೋರಿಸಿದಾಗ ಕರಿಬಸಯ್ಯನವರಿಗೆ ಇಂಗ್ಲಿಷ್ ತಿಳಿಯಲಿಲ್ಲ. "ನನ್ನ ಹೆಸರು ಎಲ್ಲೈತಿ, ತೋರಸ್ರಿ ಅಳಿಯಂದಿರ," ಎಂದರು.

ಸಿದ್ದಲಿಂಗೇಶ ಚುಕ್ಕೆಯ ಮುಂದೆ ಬೆರಳಿಟ್ಟು ತೋರಿಸಿದ. ಮುದುಕರು ಖುಷಿಪಟ್ಟಾರೆಂದು ಹಲ್ಲು ಕಚ್ಚಿಕೊಂಡಿದ್ದ. ಅವರು ಫೋನನ್ನು ಅಳಿಯನ ಕೈಗೆ ವಾಪಸ್ ಕೊಟ್ಟರು.

"ನನ್ನ ಹೆಸರ್ಯಾಕ ಹಾಕ್ಯಾರ? ಪಿಯುಸಿ ಆದ ಮ್ಯಾಲೆ ಸಾಕು ಅಂತ ಬಿಡಿಸಿದಾವ ನಾನು. ಓದಾಕ ಹಚ್ಚಿದವ್ರು ನೀವು. ಇದನ್ನ ತಗಿಸಿ ನಿಮ್ಮ ಹೆಸರು ಹಾಕಸ್ರಿ."

ಸಿದ್ದಲಿಂಗೇಶನಿಗೆ ಬೇಕಾಗಿದ್ದೇ ಅದು. ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಚಹಾ ಸೋಸುತ್ತಿದ್ದಳು. ಅವಳು ನೋಟ್‌ಬುಕ್ಕಿನ ಮೇಲೆ ಆ ಹೆಸರು ಬರೆದುಕೊಂಡಿದ್ದು ಅವನಿಗೆ ನೆನಪಾಯಿತು.

"ಆಗಂಗಿಲ್ರಿ ಮಾವಾರ," ಎಂದ. "ಒಮ್ಮೆ ಕೊಟ್ಟ ಮ್ಯಾಲೆ ಬದಲಿ ಮಾಡಂಗಿಲ್ಲಂತ."

ದಾನೇಶ್ವರಿ ತಲೆಯೆತ್ತಿ ಅವನನ್ನು ನೋಡಿದಳು. ಮೊದಲ ಕಪ್ಪನ್ನು ಅವನಿಗೇ ಕೊಟ್ಟಳು.

ಸುಳ್ಳು ಹೇಳಿದ್ದಕ್ಕೆ ಅವನು ಮರುಗಲಿಲ್ಲ. ಆದರೆ ಹೊಟ್ಟೆಯುರಿ ಆರಿತೆಂದೂ ಅಲ್ಲ. ವಾಪಸ್ ಬರುವಾಗ ಪರೀಕ್ಷೆಯ ಸೆಂಟರ್ ಸಿಂಧನೂರಿಗೆ ಬೀಳುತ್ತದೋ ಲಿಂಗಸುಗೂರಿಗೋ ಎಂದು ಅವಳು ಕೇಳಿದಳು. ಎಲ್ಲಿಗೆ ಬಿದ್ದರೂ ತಾನೇ ಕರೆದೊಯ್ಯುತ್ತೇನೆ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದ.