ಗಂಡನ ಹೆಸರು ಹೇಳಿದ ಬಸ್ಸಮ್ಮ

ಆತಿಯಾಳಿಗೊಂದು ಚಟ, ಕೇಳಬಾರದ್ದನ್ನೆಲ್ಲ ಕೇಳುವುದು. ಅದಕ್ಕಾಗಿ ಮನೆಯಲ್ಲಿ ಬೈಸಿಕೊಂಡೇ ಬೆಳೆದವಳಿಗೆ ರಾಯಚೂರಿನ ಹೂಡಿಕೆ ಕಂಪನಿಯೊಂದು ಅದಕ್ಕೇ ಸಂಬಳ ಕೊಡುತ್ತಿತ್ತು. ಗಿರಾಕಿಗಳ ವ್ಯವಹಾರದಲ್ಲಿ ಕಪ್ಪು ಹಣದ ವಾಸನೆ ಬಂದರೆ ಮುಖ್ಯ ಕಚೇರಿಗೆ ವರದಿ ಬರೆಯುವುದು ಅವಳ ಕೆಲಸ. ಷರತ್ತು ಒಂದೇ: ಬರೆದ ಸುಳಿವು ಗಿರಾಕಿಗಾಗಲಿ, ಖಾತೆ ತಂದುಕೊಟ್ಟ ಏಜೆಂಟನಿಗಾಗಲಿ ಸಿಗಕೂಡದು.

ಆ ಸೋಮವಾರ ಅವಳ ಕಣ್ಣಿಗೆ ಬಿದ್ದದ್ದು ಬಸ್ಸಮ್ಮನ ಖಾತೆ. ಊರು ಮಾನ್ವಿ ತಾಲೂಕಿನ ಕುರ್ಡಿ, ವಯಸ್ಸು ಅರವತ್ತೆರಡು, ಉದ್ಯೋಗ ಕೂಲಿ. ಈ ಮುದುಕಿ ನಲವತ್ತು ಲಕ್ಷದ ಬಾಂಡ್ ಕೊಂಡು ಎಂಟೇ ದಿನಕ್ಕೆ ನಷ್ಟಕ್ಕೆ ಮಾರಿದ್ದಳು. ದುಡ್ಡು ಬಂದದ್ದೂ ಹೋದದ್ದೂ ಅವಳ ಹೆಸರಲ್ಲೇ ದೇವದುರ್ಗದಲ್ಲಿದ್ದ ಬ್ಯಾಂಕ್ ಖಾತೆಯ ಮೂಲಕ. ಕುರ್ಡಿಯವಳಿಗೆ ದೇವದುರ್ಗದ ಬ್ಯಾಂಕು ಯಾಕೆ? ಅಷ್ಟು ನಷ್ಟವಾದರೂ ಒಂದು ಫೋನಿಲ್ಲ, ಜಗಳವಿಲ್ಲ. ನಮ್ಮ ಕಡೆ ನೂರು ರೂಪಾಯಿ ಕಮ್ಮಿ ಬಂದರೆ ಕಚೇರಿ ಮೆಟ್ಟಿಲ ಮೇಲೇ ಕೂತುಬಿಡುತ್ತಾರೆ!

ಏಜೆಂಟ್ ಯಾರೆಂದು ನೋಡಿದಳು. ಅಲ್ತಾಫ್, ಅವಳ ಸ್ವಂತ ತಮ್ಮ. ಅಮ್ಮಿ ತೀರಿಕೊಂಡ ಮೇಲೆ ತುತ್ತು ಮಾಡಿ ತಿನ್ನಿಸಿದವಳು ಅವಳು, ಈ ಕೆಲಸಕ್ಕೆ ಹಚ್ಚಿದವಳೂ ಅವಳೇ. ವರದಿ ಹೋದರೆ ಅವನ ಕೆಲಸ ಹೋಗುತ್ತದೆ, ಜೈಲೂ ಆದೀತು.

ಯಾ ಅಲ್ಲಾ, ಎಲ್ಲ ಸರಿಯಿರಲಿ ಎನ್ನುತ್ತ, ಖಾತೆ ತೆರೆದಾಗ ಕಂಪನಿಯವರು ಬಸ್ಸಮ್ಮನಿಗೆ ಮಾಡಿದ ಫೋನಿನ ಧ್ವನಿಮುದ್ರಣ ಹಾಕಿದಳು.

"ಗಂಡನ ಹೆಸರು?"

"ಸೂಗಪ್ಪರೀ."

ಆತಿಯಾ ಅದನ್ನೇ ಮೂರು ಸಲ ಹಾಕಿ ಕೇಳಿದಳು. ತಡವರಿಕೆಯಿಲ್ಲ, ನಾಚಿಕೆಯಿಲ್ಲ, ಆ ಹೆಂಗಸು ಟಪ್ಪನೆ ಹೇಳಿದ್ದಳು. ಕುರ್ಡಿಯ ಮುದುಕಿ ಗಂಡನ ಹೆಸರನ್ನು ಹೀಗೆ ಹೇಳುತ್ತಾಳೆಯೇ? ಅನುಮಾನ ತಲೆಯೊಳಗೆ ಹೊಕ್ಕಿತು, ಇನ್ನು ಆತಿಯಾಳನ್ನು ತಡೆಯುವವರುಂಟೆ! ಮರುದಿನ ಬೆಳಿಗ್ಗೆಯೇ ಮಾನ್ವಿ ಬಸ್ಸು ಹತ್ತಿದಳು.

ಬಸ್ಸಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕಂಪನಿಯಿಂದ ವಿಳಾಸ ತಪಾಸಣೆಗೆ ಬಂದಿದ್ದೇನೆಂದು ಆತಿಯಾ ಹೇಳಿದಳು. ಅದು ಸುಳ್ಳೇನಲ್ಲ.

"ಬರ್ರೆವ್ವಾ, ಕುಂದರ್ರಿ. ಚಾ ಕುಡೀತೀರೇನ್ರಿ?"

"ಚಾ ಬ್ಯಾಡ ಯವ್ವಾ. ನಿಮ್ಮ ಮನ್ಯಾವ್ರ ಹೆಸ್ರೇನು?"

ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕಳು. "ಅಯ್ಯ, ಅದ್ಹೆಂಗ ಹೇಳಾಕ ಬರ್ತದರೀ! ರೇಷನ್ ಕಾರ್ಡಿನ್ಯಾಗ ಅದ, ಓದ್ಕೋರಿ."

"ಒಂದ್ಸಲ ಹೇಳ್ರಿ, ಯಾರೂ ಇಲ್ಲ."

"ನಲವತ್ತೈದು ವರ್ಸ ಆತವ್ವಾ, ಒಮ್ಮೀನೂ ಬಾಯಾಗ ಬಂದಿಲ್ಲ. ಈಗ ನಿಮ್ಮ ಮುಂದ ಅಂತೀನೇನು?"

ಒಳಗಿನಿಂದ ಮುದುಕನ ದನಿ ಬಂತು. "ಸೂಗಪ್ಪಂತ ಬರ್ಕೋರಿ ಮೇಡಂ! ಸತ್ರೂ ಅಕಿ ಹೇಳಂಗಿಲ್ಲ."

ಆತಿಯಾಳಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಹಾಗಾದರೆ ಫೋನಿನಲ್ಲಿ ಮಾತಾಡಿದವಳು ಬೇರೆ ಯಾರೋ.

"ಹೋದ ವರ್ಸ ಅಲ್ತಾಫ್ ಸಾಬ್ರು ಬಂದು ಆಧಾರ್ ಕಾರ್ಡು, ಫೋಟೋ ಒಯ್ದಾರ," ಎಂದಳು ಬಸ್ಸಮ್ಮ. "ಪಿಂಚಣಿ ಮಾಡಿಸ್ತೀನಿ ಅಂದ್ರು. ಭಾಳ ಚಲೋ ಹುಡುಗ. ಆ ಪಿಂಚಣಿ ಬಂತೇನ್ರಿ?"

ನಾಳೆ ಯಾರಾದರೂ ನಲವತ್ತು ಲಕ್ಷದ ಲೆಕ್ಕ ಕೇಳಿಕೊಂಡು ಬಂದರೆ ಈ ಅಂಗಳಕ್ಕೇ ಬರುತ್ತಾರೆ. ಆತಿಯಾ ನೋಡ್ತೀನಿ ಯವ್ವಾ ಎಂದಷ್ಟೇ ಹೇಳಿ ಎದ್ದಳು.

ರಾಯಚೂರಿನಲ್ಲಿ ಬಸ್ಸಿಳಿದರೆ ಬೈಕು ಹಿಡಿದು ಅಲ್ತಾಫ್ ನಿಂತಿದ್ದ. ಸೂಗಪ್ಪ ಫೋನ್ ಮಾಡಿದ್ದನಂತೆ, ನಿಮ್ಮ ಮೇಡಂ ಬಂದಿದ್ದರೆಂದು.

"ಕುಛ್ ಗಡ್‌ಬಡ್ ನೈ ನಾ, ಆಪಾ?" ಎಡವಟ್ಟೇನೂ ಆಗಿಲ್ಲ ತಾನೇ ಎಂದು ಅಕ್ಕನನ್ನು ಕೇಳಿದ. ಮುಖ ಬಿಳಿಚಿಕೊಂಡಿತ್ತು.

ಓಡಿಹೋಗು ಎನ್ನಬೇಕೆನಿಸಿತು. ಕಪಾಳಕ್ಕೆ ಹೊಡೆದು ಯಾರಿಗಾಗಿ ಮಾಡಿದೆ ಎಂದು ಕೇಳಬೇಕೆನಿಸಿತು. ಹುಟ್ಟಿದಾಗಿನಿಂದ ಎಲ್ಲವನ್ನೂ ಕೇಳಿದವಳು ಇದೊಂದನ್ನು ಕೇಳುವಂತಿರಲಿಲ್ಲ.

"ನೈ ರೇ. ವಿಳಾಸ ತಪಾಸಣೆ," ಎಂದು ಬೈಕು ಹತ್ತಿದಳು. "ಆಫೀಸಿಗೆ ಬಿಡು, ಅರ್ಧ ತಾಸಿನ ಕೆಲಸವಿದೆ."

ಅವನು ಕೆಳಗೆ ಕಾಯುತ್ತ ನಿಂತ. ಮೇಲೆ ಆತಿಯಾ ವರದಿಯನ್ನು ಒಂದೊಂದೇ ಸಾಲು ತುಂಬಿದಳು. ಖಾತೆ ತಂದ ಏಜೆಂಟನ ಹೆಸರು? ಬಾಯಿಬಿಟ್ಟು ಹೇಳೆಂದಿದ್ದರೆ ಆಗುತ್ತಿರಲಿಲ್ಲ. ಕೈ ಬರೆಯಿತು. ಅವನಿಗೂ ನಿಮಗೂ ಸಂಬಂಧವುಂಟೆ?

ತಮ್ಮ, ಎಂದು ಬರೆದು ಕಳಿಸಿದಳು. ಕೆಳಗೆ ಅಲ್ತಾಫ್ ಎರಡು ಸಲ ಹಾರನ್ ಹೊಡೆದ. ಅವಳು ಕಣ್ಣೊರೆಸಿಕೊಂಡು ಬಂದೆ ಎಂದು ಕಿಟಕಿಯಿಂದ ಕೈ ಮಾಡಿದಳು.