ಶಾಣ್ಯಾಬಾಯಿ

ಮಸರತ ಹಲಗೆಯ ಮೇಲೆ ಅರ್ಧ ಬರೆದು, ಭಾಗಾಕಾರದ ಗುರುತು ಹಾಕಿ, ಪಕ್ಕದಲ್ಲಿ ಕಾಲು, ಈ ಊರಿನ ಮಾತಿನಲ್ಲಿ ಪಾವ, ಬರೆದಳು.

"ಎರಡನೇದ್ದು ತಲಿಕೆಳಗ ಮಾಡ್ರಿ. ಭಾಗಾಕಾರ ಅಳಿಸಿ ಗುಣಾಕಾರ ಹಾಕ್ರಿ. ಎಷ್ಟ ಬಂತು?"

"ಎರಡ್ರೀ!" ಎಂದರು ಏಳನೆಯ ತರಗತಿಯ ಹದಿಮೂರು ಮಕ್ಕಳು. ಕಿಟಕಿಯ ಆಚೆ ತೊಗರಿ ಕಟಾವು ಮಾಡುವ ಯಂತ್ರದ ಸದ್ದು. ಮುಖ್ಯಗುರುಗಳು ಸಭೆಗೆಂದು ಅಫಜಲಪುರಕ್ಕೆ ಹೋಗಿದ್ದರು. ಇಡೀ ಶಾಲೆಗೆ ಆ ದಿನ ಮಸರತ ಒಬ್ಬಳೇ.

ಎರಡನೆಯ ಸಾಲಿನಿಂದ ಇರಮ ಎದ್ದು ನಿಂತಳು. ಲೆಕ್ಕ ಅಂದರೆ ಮೊದಲು ಕೈ ಎತ್ತುವ ಹುಡುಗಿ. "ಟೀಚರ್, ಭಾಗ ಮಾಡಿದ್ರ ಕಡಿಮಿ ಆಗ್ಬೇಕಲ್ರಿ? ಅರ್ಧ ಇತ್ತು, ಎರಡ ಹ್ಯಾಂಗ ಆತು? ಹೆಚ್ಚಾತಲ್ರಿ."

ಮಸರತಳ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಹೌದು, ಹೆಚ್ಚಾಗಿದೆ. ಯಾಕೆ ಹೆಚ್ಚಾಗಿದೆ? ನಿಯಮ ಅವಳಿಗೆ ಬಾಯಿಪಾಠ. ಪರೀಕ್ಷೆಗಳಲ್ಲೆಲ್ಲ ಅದನ್ನು ಬರೆದೇ ಪಾಸಾಗಿದ್ದಳು. ಅದರ ಒಳಗೆ ಏನಿದೆ ಎಂದು ಎಂದೂ ನೋಡಿರಲಿಲ್ಲ. ಹದಿಮೂರು ಮುಖಗಳು ಅವಳನ್ನೇ ನೋಡುತ್ತಿದ್ದವು.

"ಪುಸ್ತಕದಾಗ ಹಂಗೇ ಅದ. ನನಗಿಂತ ಶಾಣ್ಯಾಕಿ ಆದ್ಯೇನ್ ಬೇ? ಕೂಡು."

ಮಕ್ಕಳು ನಕ್ಕರು. ಟೀಚರ್ ಯಾರನ್ನಾದರೂ ಬೈದರೆ ಉಳಿದವರಿಗೆ ನಗಲು ಅಪ್ಪಣೆ ಸಿಕ್ಕ ಹಾಗೆ. ಹಿಂದಿನಿಂದ ಪ್ರಬುದ್ಧನೆಂಬ ಹುಡುಗ, "ಶಾಣ್ಯಾಬಾಯಿ!" ಎಂದ. ನಗು ಇನ್ನಷ್ಟು ಜೋರಾಯಿತು. ಇರಮ ಕೂತಳು.

ಅತಿಜಾಣೆ ಎಂಬ ಆ ಅಡ್ಡಹೆಸರು ಮಧ್ಯಾಹ್ನದ ಊಟದ ಸಾಲಿನಲ್ಲಿ ಓಡಾಡಿತು, ಸಂಜೆ ಮಕ್ಕಳ ಜೊತೆ ಊರೊಳಗೂ ಹೋಯಿತು. ನೀರು ತರುವಾಗ, ಕಿರಾಣಿ ಅಂಗಡಿಯ ಮುಂದೆ, ಎಲ್ಲೆಲ್ಲೂ "ಶಾಣ್ಯಾಬಾಯಿ ಬಂದ್ಳು ನೋಡ್ರಿ" ಎನ್ನುವವರೇ. ಟೀಚರ ಮಾತಿನಿಂದಲೇ ಹುಟ್ಟಿದ ಹೆಸರು, ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ.

ಇರಮ ಮತ್ತೆ ಕೈ ಎತ್ತಲಿಲ್ಲ. ಮೊದಲ ವಾರ ಮಸರತ ಅದನ್ನು ಗಮನಿಸಲಿಲ್ಲ. ಎರಡನೆಯ ವಾರ ಗಮನಿಸಿ, ಒಳ್ಳೆಯದೇ ಆಯಿತು ಅಂದುಕೊಂಡಳು. ತರಗತಿ ಶಾಂತವಾಗಿತ್ತು.

ಜನವರಿಯ ಕೊನೆಯ ಶುಕ್ರವಾರ, ಶಾಲೆ ಬಿಟ್ಟ ಮೇಲೆ, ಇರಮಳ ತಾಯಿ ಖುರ್ಷಿದ ಬಂದು ಬಾಗಿಲಲ್ಲಿ ನಿಂತಳು. ತೊಗರಿ ಹೊಲದಿಂದ ನೇರ ಬಂದಿದ್ದಳು. ಸೆರಗಿನ ತುಂಬ ಹೊಟ್ಟು.

"ಟೀಚರ್, ಒಂದ ಮಾತ ಇತ್ರಿ. ನಮ್ಮ ಇರಮ ಏಳನೇದ್ದು ಮುಗದ ಮ್ಯಾಲ ಸಾಲಿ ಸಾಕು ಅಂತಾಳ್ರಿ."

ಈ ಊರಿನ ಶಾಲೆ ಏಳಕ್ಕೇ ಮುಗಿಯುತ್ತದೆ. ಎಂಟಕ್ಕೆ ಮೂರು ಕಿಲೋಮೀಟರ್ ದೂರದ ಮಣ್ಣೂರಿಗೆ ಹೋಗಬೇಕು. ಎಷ್ಟೋ ಹೆಣ್ಣುಮಕ್ಕಳ ಓದು ಆ ಮೂರು ಕಿಲೋಮೀಟರಿನಲ್ಲೇ ನಿಂತಿದೆ.

"ಮನ್ಯಾಗ ಯಾರರ ಬ್ಯಾಡ ಅಂದ್ರೇನ್ ಆಪಾ?" ಎಂದು ಮಸರತ ಕೇಳಿದಳು.

"ಇಲ್ರಿ. ಇವರ ಅಬ್ಬಾನೇ ಸೈಕಲ್ ಕೊಡಸ್ತೇನಿ ಅಂದಾರ. ಇಕಿನೇ ಒಲ್ಲೆ ಅಂತಾಳ. ಯಾಕ ಅಂದ್ರ ಬಾಯಿ ಬಿಡಂಗಿಲ್ಲ." ಖುರ್ಷಿದ ಸೆರಗಿನ ಹೊಟ್ಟು ಕೊಡವಿದಳು. "ನೀವೊಂದ ಮಾತ ಹೇಳ್ರಿ. ಆಕಿಗಿ ನೀವಂದ್ರ ನೀವೇ. ಮನ್ಯಾಗ ನಿಮ್ಮಂಗೇ ದುಪಟ್ಟಾ ಹಾಕ್ಕೊಂಡು, ನಿಮ್ಮಂಗೇ ಕಡ್ಡಿ ಹಿಡಕೊಂಡು ತಂಗಿಗಿ ಪಾಠ ಮಾಡ್ತಾಳ್ರಿ. ಮೊನ್ನಿ ಆ ಸಣ್ಣಾಕಿ ಜಸ್ಮೀನ, ಚಂದ್ರ ಹಗಲ ಯಾಕ ಕಾಣ್ತಾನ ಅಂತ ಕೇಳ್ತು. ಇಕಿ ಏನಂದ್ಳು ಗೊತ್ತೇನ್ರಿ? 'ನನಗಿಂತ ಶಾಣ್ಯಾಕಿ ಆದ್ಯೇನ್ ಬೇ? ಕೂಡು' ಅಂದ್ಳು. ಥೇಟ್ ನಿಮ್ಮ ಧ್ವನಿ!"

ಖುರ್ಷಿದ ಹೆಮ್ಮೆಯಿಂದ ನಕ್ಕಳು. ಮಸರತಳಿಗೆ ನಗಲಾಗಲಿಲ್ಲ.

ಅವಳ ಬಾಡಿಗೆ ಕೋಣೆ ಮಣ್ಣೂರಿನಲ್ಲಿತ್ತು. ಒಂದು ಮಂಚ, ಒಂದು ಗ್ಯಾಸ್ ಒಲೆ, ಗೋಡೆಗೆ ಒರಗಿಸಿದ ತಿದ್ದಬೇಕಾದ ನೋಟುಪುಸ್ತಕಗಳು. ಶಾಲೆಯಿಂದ ಬಂದ ಮೇಲೆ ಮರುದಿನ ಬೆಳಿಗ್ಗೆಯವರೆಗೆ ಅವಳು ಯಾರೊಂದಿಗೂ ಮಾತಾಡದ ದಿನಗಳೇ ಹೆಚ್ಚು. ಆ ಸಂಜೆ ಚಹಾ ಕುದಿದು ಅರ್ಧವಾದರೂ ಇಳಿಸಲು ನೆನಪಾಗಲಿಲ್ಲ.

ಆ ಮಾತು ತನ್ನದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಾದನಹಿಪ್ಪರಗಾದ ಶಾಲೆಯಲ್ಲಿ, ಹನ್ನೆರಡು ವರ್ಷದ ಮಸರತ ಏನೋ ಕೇಳಲು ಎದ್ದು ನಿಂತಿದ್ದಳು. ಏನು ಕೇಳಿದ್ದಳೋ ಈಗ ನೆನಪಿಲ್ಲ. ಹಣಮಂತ್ರಾಯ ಸರ್ ಕನ್ನಡಕದ ಮೇಲಿಂದ ನೋಡಿ, "ನನಗಿಂತ ಶಾಣ್ಯಾಕಿ ಆದ್ಯೇನ್ ಬೇ? ಕೂಡು" ಅಂದದ್ದು ಮಾತ್ರ ನೆನಪಿದೆ. ಅವರನ್ನು ಅವಳು ಬಹಳ ಮೆಚ್ಚಿದ್ದಳು. ಅವರ ಅಕ್ಷರವನ್ನೇ ತಿದ್ದಿ ತಿದ್ದಿ ತನ್ನದು ಮಾಡಿಕೊಂಡಿದ್ದಳು. ಅದರ ಜೊತೆಗೆ ಆ ಮಾತೂ ಬಂದಿತ್ತು.

ಅಂದು ಕೂತವಳು ಮತ್ತೆ ಎಲ್ಲಿಯೂ ಎದ್ದು ನಿಂತಿರಲಿಲ್ಲ. ಕಾಲೇಜಿನಲ್ಲಿ, ಶಿಕ್ಷಕರ ತರಬೇತಿಯಲ್ಲಿ, ಯಾರನ್ನೂ ಏನೂ ಕೇಳಲಿಲ್ಲ. ಒಳ್ಳೆಯ ಹುಡುಗಿ, ಸುಮ್ಮನಿರುವ ಹುಡುಗಿ ಅಂದರು. ಏನನ್ನೂ ಕೇಳದವಳ ಹತ್ತಿರ ಯಾರೂ ಬಹಳ ಹೊತ್ತು ಕೂರುವುದಿಲ್ಲ ಎಂಬುದು ಅವಳಿಗೆ ತಡವಾಗಿ ತಿಳಿದಿತ್ತು.

ಭಾನುವಾರ ಅವಳು ಅಫಜಲಪುರಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ ಚೌಡಾಪುರದಲ್ಲಿ ಇಳಿದಳು. ನಿವೃತ್ತಿಯ ನಂತರ ಹಣಮಂತ್ರಾಯ ಸರ್ ತಮ್ಮ ಈ ಹುಟ್ಟೂರಿಗೆ ಬಂದಿದ್ದರು.

"ಯಾರ ಬಂದಾರ ನೋಡ!" ಎಂದು ಸರ್ ಹೆಂಡತಿಯನ್ನು ಕೂಗಿದರು. ಸಕ್ಕುಬಾಯಿ ಸೆರಗಿನಿಂದ ಕುರ್ಚಿ ಒರೆಸಿದರು. ಗೋಡೆಯ ಗೂಟಕ್ಕೆ ನಾಲ್ಕೈದು ಸನ್ಮಾನದ ಶಾಲುಗಳು ಪ್ಲಾಸ್ಟಿಕ್ ಹಾಳೆಯೊಳಗೆ ತೂಗುತ್ತಿದ್ದವು. ಮಸರತ ಬಗ್ಗಿ ನಮಸ್ಕರಿಸಿ ಕೂತಳು.

"ಸರ್, ಒಂದು ಕೇಳ್ಬೇಕಾಗಿತ್ರಿ."

"ಏನವ್ವ? ವರ್ಗಾವಣಿದೇನು?"

"ಅಲ್ರಿ. ಲೆಕ್ಕದ್ದು. ಅರ್ಧಕ್ಕ ಪಾವದಿಂದ ಭಾಗ ಮಾಡಿದ್ರ ಎರಡ ಯಾಕ ಬರ್ತದ್ರಿ? ಕಡಿಮಿ ಯಾಕ ಆಗಂಗಿಲ್ಲ?"

"ತಲಿಕೆಳಗ ಮಾಡಿ ಗುಣಸ್ತೀವಲ್ಲ."

"ಅದು ಗೊತ್ತದ್ರಿ. ಯಾಕ ಹಂಗ ಮಾಡ್ತೀವಿ ಅಂತ."

ಸರ್ ಎದ್ದು ಒಳಗೆ ಹೋಗಿ ಕನ್ನಡಕ, ಒಂದು ಹಳೆಯ ಡೈರಿ ತಂದರು. ಪೆನ್ನು ಹಿಡಿದು ಅರ್ಧ ಬರೆದರು, ಗೆರೆ ಎಳೆದರು, ನೋಡುತ್ತಾ ಕೂತರು.

"ಮೂವತ್ನಾಕ ವರ್ಷ ಕಲಿಸ್ಯಾರಂತ ಇವರು!" ಎಂದು ಸಕ್ಕುಬಾಯಿ ಒಲೆಯ ಹತ್ತಿರದಿಂದಲೇ ನಕ್ಕರು.

"ನೀ ಸುಮ್ನ ಚಹಾ ಮಾಡು" ಎಂದ ಸರ್ ಪೆನ್ನು ಕೆಳಗಿಟ್ಟರು. "ನನಗೂ ಗೊತ್ತಿಲ್ಲವ್ವ ಮಸರತ. ನಮ್ಮ ಮಾಸ್ತರು ಹಂಗೇ ಹೇಳಿದ್ರು. ನಾ ಹಂಗೇ ಹೇಳ್ದೆ."

"ನಾವು ಕೇಳಿದ್ರ ಬೈತಿದ್ರಿ ಸರ್." ಮಾತು ಹೊರಬಿದ್ದ ಮೇಲೆ ಅವಳಿಗೇ ಹೆದರಿಕೆಯಾಯಿತು. "ನನಗಿಂತ ಶಾಣ್ಯಾಕಿ ಆದ್ಯೇನು ಅಂತ."

"ಅಂದಿದ್ನ?" ಅವರಿಗೆ ನಿಜವಾಗಿ ನೆನಪಿರಲಿಲ್ಲ. "ಅಂದಿರಬೇಕು. ಗೊತ್ತಿಲ್ಲ ಅಂದ್ರ ಮಾಸ್ತರಿಕಿ ಹೋಗ್ತದ ಅಂತ ಅಂಜಿಕಿ ಇತ್ತು. ನಿನಗ ಗೊತ್ತಾಗಂಗಿಲ್ಲ ಅದು."

"ಗೊತ್ತದ್ರಿ" ಎಂದಳು ಮಸರತ. "ನಾನೂ ಹಂಗೇ ಅಂದೇನಿ. ಒಂದು ಹುಡುಗಿಗಿ. ಆಕಿ ಈಗ ಸಾಲೀನೇ ಬಿಡ್ತೀನಿ ಅನ್ನಾಕತ್ತಾಳ."

ಚಹಾ ಬಂತು. ಮೂವರೂ ಕುಡಿದ ಮೇಲೆ ಮಸರತ ಎದ್ದಳು.

ಬಸ್ ನಿಲ್ಲುವ ಕಡೆಗೆ ಸರ್ ಜೊತೆಗೆ ಬಂದರು. ನಿಧಾನ ನಡೆಯುತ್ತಿದ್ದರು. "ನಮ್ಮ ಹಳಿ ಹುಡುಗ್ರು ಬರ್ತಾರ. ಕಾಲಿಗಿ ಬೀಳ್ತಾರ, ಶಾಲು ಹಾಕ್ತಾರ, ಫೋಟೋ ತಗಸ್ಕೊಂಡು ಹೋಗ್ತಾರ. ನೀ ಒಬ್ಬಾಕಿ ನೋಡು, ಏನರ ಕೇಳಾಕ ಬಂದಾಕಿ." ಸ್ವಲ್ಪ ದೂರ ಹೋಗಿ ಮತ್ತೆ ಅಂದರು, "ಕೇಳಬ್ಯಾಡ್ರಿ ಅಂತ ನಾನೇ ಕಲಿಸಿ ಕಳಿಸೀನಿ. ಈಗ ಯಾರೂ ಕೇಳೂದಿಲ್ಲ ಅಂದ್ರ ಹ್ಯಾಂಗ?"

ಬಸ್ ಬಂತು. ಕಿಟಕಿಯಿಂದ ನೋಡಿದಾಗ ಅವರು ಧೂಳಿನಲ್ಲಿ ಹಾಗೇ ನಿಂತಿದ್ದರು.

ಸೋಮವಾರ ಮಸರತ ಹಲಗೆಯ ಮೇಲೆ ಅದೇ ಲೆಕ್ಕ ಬರೆದಳು.

"ಅವತ್ತು ಇರಮ ಒಂದು ಪ್ರಶ್ನಿ ಕೇಳಿದ್ಳು. ನನಗ ಉತ್ತರ ಗೊತ್ತಿರ್ಲಿಲ್ಲ. ಅದಕ್ಕ ಆಕಿಗಿ ಬೈದೆ. ಆಕಿದು ತಪ್ಪಿರ್ಲಿಲ್ಲ, ನನ್ನದಿತ್ತು. ಉತ್ತರ ನನಗ ಇವತ್ತೂ ಗೊತ್ತಿಲ್ಲ."

ಟೀಚರ್ ಹೀಗೆ ಹೇಳಿದರೆ ನಗಬೇಕೋ, ಸುಮ್ಮನಿರಬೇಕೋ ಮಕ್ಕಳಿಗೆ ತಿಳಿಯಲಿಲ್ಲ. ಇರಮ ತಲೆ ತಗ್ಗಿಸಿ ನೆಲಹಾಸಿನ ದಾರ ಎಳೆಯುತ್ತಿದ್ದಳು. ಮಸರತ ಕಾದಳು. ಇರಮ ಏಳಲಿಲ್ಲ.

"ಟೀಚರ್" ಎಂದ ಪ್ರಬುದ್ಧ, ಹಿಂದಿನಿಂದ. "ನಂಗೂ ಗೊತ್ತಿಲ್ರಿ."

"ನಿನಗ ಯಾವಾಗ ಏನ ಗೊತ್ತಿತ್ತಲೇ?" ಎಂದಿತು ಯಾರದೋ ಧ್ವನಿ. ಎಲ್ಲರೂ ನಕ್ಕರು, ಪ್ರಬುದ್ಧನೂ ನಕ್ಕ, ಮಸರತಳೂ ನಕ್ಕಳು. ಆಮೇಲೆ ಭುವನೇಶ್ವರಿ ತನಗೂ ಗೊತ್ತಿಲ್ಲ ಎಂದಳು. ಒಬ್ಬೊಬ್ಬರೇ ಕೈ ಎತ್ತಿದರು. ಎರಡು ಎಂದು ಒಟ್ಟಿಗೆ ಕೂಗಿದ್ದ ಹದಿಮೂರು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಸರತ ಸೀಮೆಸುಣ್ಣ ಮೇಜಿನ ಮೇಲಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂತಳು. "ಹಂಗಾರ ಕೂಡಿ ಹುಡುಕೂಣು. ಅರ್ಧ ಅಂದ್ರ ಏನು? ಮನ್ಯಾಗ ಎಲ್ಲಿ ನೋಡೀರಿ?"

"ನಮ್ಮವ್ವ ಹಾಲ ಮಾರ್ತಾಳ್ರಿ" ಎಂದ ಪ್ರಬುದ್ಧ. "ಅರ್ಧಾ ಲೀಟರ್ ಬೇಕಂದ್ರ ಪಾವ ಲೀಟರ್ ಮಾಪಿಂದ ಎರಡ ಸಲ ಹಾಕ್ತಾಳ."

ಇರಮಳ ಬೆರಳು ದಾರದ ಮೇಲೆ ನಿಂತಿತು.

"ಎರಡ ಲೀಟರ್ ಅಲ್ಲ" ಎಂದಳು ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ. "ಎರಡ ಸಲ. ಹಾಲ ಹೆಚ್ಚಾಗಿಲ್ಲ. ಅರ್ಧದಾಗ ಪಾವ ಎಷ್ಟ ಸಲ ಹೋಗ್ತದ ಅಂತ ಕೇಳಾಕತ್ತೀವಿ, ಅಷ್ಟೇ." ತಲೆ ಎತ್ತಿ ಟೀಚರ ಮುಖ ನೋಡಿದಳು. ಅಲ್ಲಿ ಏನು ಬರುತ್ತದೋ ಎಂದು ಕಾಯುತ್ತಿದ್ದಳು.

"ನನಗ ಈಗ ತಿಳೀತು" ಎಂದಳು ಮಸರತ. "ನಿಜವಾಗ್ಲೂ ಈಗ."

ಇರಮ ಹಾಗೇ ನೋಡುತ್ತಿದ್ದಳು. ಬಳಿಕ, "ಅರ್ಧದಾಗ ಮುಕ್ಕಾಲು ಎಷ್ಟ ಸಲ ಹೋಗ್ತದ್ರಿ? ಒಂದ ಸಲಾನೂ ಪೂರಾ ಹೋಗಂಗಿಲ್ಲಲ್ರಿ?"

"ಗೊತ್ತಿಲ್ಲ." ಈ ಸಲ ಆ ಮಾತು ಅಷ್ಟು ಭಾರವಾಗಿರಲಿಲ್ಲ. "ಬರ್ಕೊ. ನಾಳಿ ನೋಡೂಣು."

ಬರೆದುಕೊಳ್ಳಲು ಇರಮ ನೋಟುಪುಸ್ತಕದ ಕೊನೆಯ ಹಾಳೆ ತೆರೆದಳು. ಪಕ್ಕದಲ್ಲೇ ಕೂತಿದ್ದ ಮಸರತಳಿಗೆ ಅದು ಕಂಡಿತು. ಹಾಳೆ ಆಗಲೇ ತುಂಬಿತ್ತು. ಸೊನ್ನೆಯಿಂದ ಯಾಕೆ ಭಾಗಿಸಬಾರದು? ಭೀಮಾ ನದಿ ಆ ಕಡೆಗೇ ಯಾಕೆ ಹರಿಯುತ್ತದೆ? ಚಂದ್ರ ಹಗಲು ಯಾಕೆ ಕಾಣುತ್ತಾನೆ? ಇಷ್ಟು ದಿನ ಶಾಂತವಾಗಿದ್ದ ತರಗತಿಯಲ್ಲಿ, ಯಾರಿಗೂ ಕಾಣದ ಹಾಗೆ, ಸಣ್ಣ ಅಕ್ಷರದಲ್ಲಿ ಇರಮ ಬರೆದಿಟ್ಟ ಪ್ರಶ್ನೆಗಳು.

ಮಸರತ ಹಾಳೆಯ ಮೇಲೆ ಕೈ ಇಟ್ಟಳು.

"ಇವೆಲ್ಲ ಮಾರ್ಚ್‌ದೊಳಗ ಮುಗ್ಯಂಗಿಲ್ರಿ ಟೀಚರ್" ಎಂದಳು ಇರಮ.

"ಮುಗ್ಯಂಗಿಲ್ಲ" ಎಂದಳು ಮಸರತ. "ಉಳದದ್ದು ಮಣ್ಣೂರಿಗಿ ಒಯ್ಯಬೇಕಾಗ್ತದ."

ಇರಮ ತುಂಬಿದ ಹಾಳೆಯ ಹಿಂದಿನ ಹಾಳೆ ತಿರುವಿ, ಹೊಸ ಪ್ರಶ್ನೆಯನ್ನು ಅಲ್ಲಿ, ಈ ಸಲ ದೊಡ್ಡ ಅಕ್ಷರದಲ್ಲಿ, ಬರೆಯತೊಡಗಿದಳು.